ಸರ್ವೆ ಗೆರೆ ಒಂದು ಕಡೆ, ಹೊಲದ ಬದು ಇನ್ನೊಂದು ಕಡೆ: ಸ್ಯಾಟಲೈಟ್ ಚಿತ್ರದ ಮೇಲೆ ನಕ್ಷೆ ಯಾಕೆ ಕೂರುವುದಿಲ್ಲ?

ಊರಿನ ಗ್ರಾಮ ನಕ್ಷೆಯನ್ನು ಸ್ಯಾಟಲೈಟ್ ಚಿತ್ರದ ಮೇಲೆ ಹಾಕುತ್ತೀರಿ. ಸರ್ವೆ ನಂಬರಿನ ಗೆರೆ ಹೊಲದ ಬದುವಿನ ಮೇಲೆ ಕೂರಬೇಕಿತ್ತು. ಅದು ಪಕ್ಕದವರ ತೆಂಗಿನ ತೋಟದ ನಡುವೆ ಹಾದು ಹೋಗಿರುತ್ತದೆ. ಕೆರೆ ಏರಿ ನೀರಿನೊಳಗೆ, ರಸ್ತೆ ಮನೆಗಳ ಮೇಲೆ. ಇಂಥ ಹೊತ್ತಿನಲ್ಲಿ ಬಹಳ ಜನ ಮೊದಲು ಮಾಡುವ ಕೆಲಸ ಅಂದರೆ ಲೇಯರನ್ನು, ಅಂದರೆ ಚಿತ್ರದ ಮೇಲೆ ಹಾಸಿದ ನಕ್ಷೆಯ ಪದರವನ್ನು, ಹಿಡಿದು ಎಳೆದು, ಕಣ್ಣಳತೆಯಲ್ಲಿ ಕೂರಿಸುವುದು. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಎಷ್ಟು ದೂರ ಸರಿದಿದೆ, ಯಾವ ದಿಕ್ಕಿಗೆ ಸರಿದಿದೆ ಅನ್ನುವುದರಲ್ಲೇ ಕಾರಣದ ಮುಕ್ಕಾಲು ಪಾಲು ಅಡಗಿರುತ್ತದೆ. ಎಳೆದುಬಿಟ್ಟರೆ ಆ ಸುಳಿವು ಕೈಬಿಟ್ಟು ಹೋಗುತ್ತದೆ.

ಇಲ್ಲಿ ಹೇಳುವ ಹೆಜ್ಜೆಗಳನ್ನು ಕ್ಯೂಜಿಐಎಸ್ ಅನ್ನುವ ನಕ್ಷೆ ಸಾಫ್ಟ್‌ವೇರ್ ಇಟ್ಟುಕೊಂಡು ಬರೆದಿದ್ದೇನೆ. ಅದು ಉಚಿತ, ಎಲ್ಲರಿಗೂ ಸಿಗುತ್ತದೆ. ಬೇರೆ ಸಾಫ್ಟ್‌ವೇರ್ ಬಳಸುವವರಿಗೆ ಮೆನುಗಳ ಹೆಸರು ಬದಲಾಗಬಹುದು, ಲೆಕ್ಕ ಬದಲಾಗುವುದಿಲ್ಲ.

ಮೊದಲು ಅಳೆಯಿರಿ

ನಕ್ಷೆಯಲ್ಲೂ ಚಿತ್ರದಲ್ಲೂ ಗುರುತು ಸಿಗುವ ನಾಲ್ಕೈದು ಜಾಗ ಆರಿಸಿಕೊಳ್ಳಿ. ನಾಲ್ಕು ಮೂಲೆಗೆ ಒಂದೊಂದು, ನಡುವೆ ಒಂದು. ಅಳತೆಯ ಟೂಲ್ ತೆಗೆದುಕೊಂಡು, ಚಿತ್ರದಲ್ಲಿ ಆ ಜಾಗ ಎಲ್ಲಿದೆಯೋ ಅಲ್ಲಿಂದ ಲೇಯರಿನಲ್ಲಿ ಎಲ್ಲಿ ಬಂದಿದೆಯೋ ಅಲ್ಲಿಗೆ ಗೆರೆ ಎಳೆಯಿರಿ. ದೂರ ಬರೆದುಕೊಳ್ಳಿ, ದಿಕ್ಕೂ ಬರೆದುಕೊಳ್ಳಿ.

ಎಲ್ಲ ಕಡೆಯೂ ಒಂದೇ ದೂರ, ಒಂದೇ ದಿಕ್ಕು ಬಂತಾ? ಹಾಗಾದರೆ ಇಡೀ ಲೇಯರ್ ಒಟ್ಟಾಗಿ ಸರಿದಿದೆ, ತಪ್ಪು ಹೆಚ್ಚಾಗಿ ಸೆಟ್ಟಿಂಗಿನದು. ಒಂದು ಮೂಲೆಯಲ್ಲಿ ಸರಿ ಇದ್ದು, ದೂರ ಹೋದಂತೆ ವ್ಯತ್ಯಾಸ ಬೆಳೆಯುತ್ತಿದೆಯಾ? ಆಗ ಸ್ಕೇಲ್ ಇಲ್ಲವೇ ತಿರುವಿನ ಸಮಸ್ಯೆ. ಒಂದೊಂದು ಕಡೆ ಒಂದೊಂದು ದಿಕ್ಕಿಗೆ ಹೋಗಿದೆಯಾ? ಆಗ ಮೂಲ ಕಾಗದ, ಅದನ್ನು ಕೂರಿಸಿದ ರೀತಿ, ಅಥವಾ ಚಿತ್ರವನ್ನೇ ಅನುಮಾನಿಸಬೇಕು. ಈ ಕೆಲಸಕ್ಕೆ ಹತ್ತು ನಿಮಿಷವೂ ಬೇಡ. ಆದರೂ ಬಹಳ ಜನ ಇದನ್ನು ಬಿಟ್ಟು ನೇರ ರಿಪೇರಿಗೆ ಇಳಿಯುತ್ತಾರೆ.

ಫೈಲಿನೊಳಗಿನ ಅಂಕಿ ನೋಡಿ

ಲೇಯರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ಇನ್ಫರ್ಮೇಶನ್ ಪುಟದಲ್ಲಿ ಎಕ್ಸ್‌ಟೆಂಟ್ ಅಂತ ನಾಲ್ಕು ಅಂಕಿ ಇರುತ್ತವೆ, ಲೇಯರಿನ ನಾಲ್ಕು ಅಂಚು ಎಲ್ಲಿವೆ ಅಂತ ಹೇಳುವವು. ಅದರ ಹತ್ತಿರವೇ ಸಿಆರ್‌ಎಸ್ ಅಂತ ಇರುತ್ತದೆ. ಅಂದರೆ ಈ ಅಂಕಿಗಳನ್ನು ಯಾವ ಲೆಕ್ಕದಲ್ಲಿ ಓದಬೇಕು ಅನ್ನುವ ವಿವರ. ಅಂಕಿ ಒಂದು ಮಾತು ಹೇಳಿ ಸಿಆರ್‌ಎಸ್ ಇನ್ನೊಂದು ಹೇಳುತ್ತಿದ್ದರೆ ಕಳ್ಳ ಸಿಕ್ಕ ಹಾಗೇ.

ಬೆಂಗಳೂರಿನ ಒಂದು ಜಾಗವನ್ನೇ ತೆಗೆದುಕೊಳ್ಳಿ. ಅಂಕಿ 77.59, 12.97 ಅಂತಿದ್ದರೆ ಅದು ಡಿಗ್ರಿ, ಅಂದರೆ ರೇಖಾಂಶ ಮತ್ತು ಅಕ್ಷಾಂಶ. ಸಾಮಾನ್ಯವಾಗಿ ಇಪಿಎಸ್‌ಜಿ 4326 (ಇಪಿಎಸ್‌ಜಿ ಅಂದರೆ ಒಂದೊಂದು ಲೆಕ್ಕಕ್ಕೂ ಕೊಟ್ಟಿರುವ ಗುರುತಿನ ಸಂಖ್ಯೆ). ಅದೇ ಜಾಗ 7,81,000, 14,35,000ರ ಆಸುಪಾಸು ಇದ್ದರೆ ಅದು ಯುಟಿಎಂ (ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಲೆಕ್ಕ) 43ನೇ ವಲಯದ ಮೀಟರ್, ಇಪಿಎಸ್‌ಜಿ 32643. 86,37,000, 14,56,000ರ ಸುತ್ತ ಇದ್ದರೆ ವೆಬ್ ಮರ್ಕೇಟರ್, ಇಪಿಎಸ್‌ಜಿ 3857. ಗೂಗಲ್, ಬಿಂಗ್‌ನಂಥ ಸ್ಯಾಟಲೈಟ್ ಟೈಲ್‌ಗಳೆಲ್ಲ (ಹಿನ್ನೆಲೆ ಚಿತ್ರದ ತುಂಡುಗಳು) ಬರುವುದು ಈ ಮೂರನೆಯದರಲ್ಲಿ. ಮೊದಲನೆಯ ಅಂಕಿ 77ರ ಹತ್ತಿರವೋ, ಏಳೆಂಟು ಲಕ್ಷವೋ, 86 ಲಕ್ಷವೋ ಅಂತ ನೋಡಿದರೆ ಸಾಕು, ಅರ್ಧ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಲೇಯರ್ ಹೆಸರಿನ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಫೈಲಿಗೆ ಸಿಆರ್‌ಎಸ್ಸೇ ಇಲ್ಲ ಎಂದರ್ಥ. ಶೇಪ್‌ಫೈಲ್ ಅಂದರೆ ಒಂದೇ ಫೈಲ್ ಅಲ್ಲ, ನಾಲ್ಕೈದು ಫೈಲುಗಳ ಗುಂಪು. ವಾಟ್ಸಾಪಿನಲ್ಲಿ ಕಳಿಸುವಾಗ ಎಸ್‌ಎಚ್‌ಪಿ ಒಂದನ್ನೇ ಕಳಿಸಿ, ಪಿಆರ್‌ಜೆ ಫೈಲನ್ನು ಬಿಟ್ಟಿರುತ್ತಾರೆ. ಲೆಕ್ಕದ ವಿವರ ಇರುವುದು ಆ ಪಿಆರ್‌ಜೆಯಲ್ಲೇ. ಊಹೆ ಮಾಡುವ ಬದಲು ಕಳಿಸಿದವರಿಗೆ ಫೋನ್ ಮಾಡಿ ಕೇಳುವುದು ಒಳ್ಳೆಯದು.

ದೂರ ನೋಡಿ ಕಾರಣ ಹೇಳುವುದು

ಲೇಯರ್ ಕಣ್ಣಿಗೇ ಬೀಳುತ್ತಿಲ್ಲವಾ? ಝೂಮ್ ಟು ಲೇಯರ್ ಒತ್ತಿ, ಎಲ್ಲಿಗೆ ಕರೆದುಕೊಂಡು ಹೋಗುತ್ತದೆ ನೋಡಿ. ಅದು ನಿಂತ ಜಾಗವೇ ತಪ್ಪಿನ ಹೆಸರು ಹೇಳುತ್ತದೆ.

ಬೆಂಗಳೂರಿನ ಬಿಂದು ನಾರ್ವೆಯಿಂದಲೂ ಉತ್ತರಕ್ಕೆ, ಸ್ವಾಲ್‌ಬಾರ್ಡ್ ದ್ವೀಪಗಳ ಪಕ್ಕದ ಸಮುದ್ರದಲ್ಲಿ ತೇಲುತ್ತಿದ್ದರೆ ಅಕ್ಷಾಂಶ ರೇಖಾಂಶ ಅದಲು ಬದಲಾಗಿವೆ. 12.97 ಇರಬೇಕಾದ ಕಡೆ 77.59 ಕೂತಿದೆ. ಎಕ್ಸೆಲ್ ಶೀಟಿನಿಂದ ಬಿಂದುಗಳನ್ನು ತರುವಾಗ ಎಕ್ಸ್ ಕಾಲಮ್ಮಿಗೆ ರೇಖಾಂಶ, ವೈ ಕಾಲಮ್ಮಿಗೆ ಅಕ್ಷಾಂಶ ಕೊಡಬೇಕು. ನಾವು ಬಾಯಲ್ಲಿ ಹೇಳುವಾಗ ಅಕ್ಷಾಂಶವೇ ಮೊದಲು ಬರುತ್ತದೆ ಅಲ್ವಾ, ಎಡವಟ್ಟು ಅಲ್ಲೇ ಆಗುವುದು.

ಲೇಯರ್ ಮಾಲ್ದೀವ್ಸ್‌ನ ಪಶ್ಚಿಮಕ್ಕೆ, ಸರಿಯಾಗಿ ಸಮಭಾಜಕದ ಮೇಲೆ ಒಂದು ಚುಕ್ಕೆಯಾಗಿ ಕೂತಿದ್ದರೆ ಡಿಗ್ರಿಯಲ್ಲಿರುವ ಫೈಲಿಗೆ ಯಾರೋ ಯುಟಿಎಂ 43 ಅಂತ ಹಣೆಪಟ್ಟಿ ಹಚ್ಚಿದ್ದಾರೆ. ಸಾಫ್ಟ್‌ವೇರ್ 77.59 ಡಿಗ್ರಿಯನ್ನು 77.59 ಮೀಟರ್ ಅಂತ ಓದಿಕೊಂಡಿದೆ.

ಪೂರ್ವಕ್ಕೋ ಪಶ್ಚಿಮಕ್ಕೋ ಸುಮಾರು 650 ಕಿ.ಮೀ. ಹೋಗಿದ್ದರೆ ಯುಟಿಎಂ ವಲಯ ತಪ್ಪಿದೆ. ಇದು ಕೋಲಾರದ ಕಡೆಯವರು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕಾದ ವಿಷಯ. ಒಂದೊಂದು ವಲಯಕ್ಕೆ 6 ಡಿಗ್ರಿ ಅಗಲ. 72ರಿಂದ 78 ಡಿಗ್ರಿ ಪೂರ್ವ ರೇಖಾಂಶದವರೆಗೆ 43, ಅಲ್ಲಿಂದ 84ರವರೆಗೆ 44. ಕರ್ನಾಟಕದ ಬಹುಪಾಲು 43ರಲ್ಲೇ ಇದೆ. ಆದರೆ 78ನೇ ರೇಖಾಂಶ ಮಾಲೂರಿಗೂ ಕೋಲಾರಕ್ಕೂ ನಡುವೆ ಹಾದು ಹೋಗುತ್ತದೆ. ಮಾಲೂರು ಪಟ್ಟಣ 43ರಲ್ಲಿ, ಕೋಲಾರ, ಬಂಗಾರಪೇಟೆ, ಮುಳಬಾಗಿಲು, ಶ್ರೀನಿವಾಸಪುರ 44ರಲ್ಲಿ. ಚಿಂತಾಮಣಿಯೂ ಗೆರೆ ದಾಟಿ ಆಚೆಗಿದೆ. ಕೋಲಾರದ ಒಂದು ಫೈಲು 44ರಲ್ಲಿ ತಯಾರಾಗಿ, ನೀವು ಅಭ್ಯಾಸದಂತೆ 43 ಅಂತ ಕೊಟ್ಟರೆ ಕೋಲಾರ ಅರಬ್ಬೀ ಸಮುದ್ರಕ್ಕೆ ಹೋಗಿ ಬೀಳುತ್ತದೆ. ಇಡೀ ರಾಜ್ಯದ ಕೆಲಸವನ್ನು ಒಂದೇ ವಲಯದಲ್ಲಿ ಮಾಡಬಾರದು ಅಂತೇನಿಲ್ಲ. 43ರಲ್ಲೇ ಕೋಲಾರವನ್ನೂ ಇಟ್ಟುಕೊಳ್ಳಬಹುದು, ಆದರೆ ಫೈಲಿನ ಅಂಕಿಯೂ ಆ ಲೆಕ್ಕದಲ್ಲೇ ಇರಬೇಕು, ಅಷ್ಟೇ.

43 ಕಿ.ಮೀ., 25 ಕಿ.ಮೀ. ಹೀಗೆ ಒಂದೊಂದು ಬಿಂದು ಒಂದೊಂದು ದೂರ ಹೋಗಿದ್ದರೆ ಡಿಗ್ರಿ-ನಿಮಿಷ-ಸೆಕೆಂಡನ್ನು ದಶಮಾಂಶ ಅಂತ ಟೈಪ್ ಮಾಡಿರಬಹುದು. 12 ಡಿಗ್ರಿ 58 ನಿಮಿಷ 30 ಸೆಕೆಂಡ್ ಅಂದರೆ 12.975. ಅದನ್ನು 12.5830 ಅಂತ ಬರೆದರೆ ಬಿಂದು 43 ಕಿ.ಮೀ. ದಕ್ಷಿಣಕ್ಕೆ ಇಳಿಯುತ್ತದೆ. ಗುರುತು ಹಿಡಿಯಲು ಒಂದು ಸುಲಭದ ದಾರಿ ಇದೆ. ಇಡೀ ಪಟ್ಟಿಯಲ್ಲಿ ಪಾಯಿಂಟಿನ ನಂತರದ ಎರಡು ಅಂಕಿ ಎಲ್ಲೂ 60 ದಾಟದಿದ್ದರೆ ಅನುಮಾನ ಪಡಿ.

ಉತ್ತರಕ್ಕೋ ದಕ್ಷಿಣಕ್ಕೋ 9 ಕಿ.ಮೀ.ಗೂ ಸ್ವಲ್ಪ ಜಾಸ್ತಿ ಸರಿದು, ಪೂರ್ವ-ಪಶ್ಚಿಮ ಸರಿಯಾಗೇ ಇದ್ದರೆ ಎರಡು ಮರ್ಕೇಟರ್‌ಗಳು ಕಲೆತಿವೆ. ವೆಬ್ ಮರ್ಕೇಟರ್ ಭೂಮಿಯನ್ನು ಚೆಂಡಿನಂತೆ ದುಂಡಗೆ ಹಿಡಿದು ಲೆಕ್ಕ ಹಾಕುತ್ತದೆ. ಇಪಿಎಸ್‌ಜಿ 3395ರ ವರ್ಲ್ಡ್ ಮರ್ಕೇಟರ್ ಧ್ರುವಗಳಲ್ಲಿ ಚಪ್ಪಟೆಯಾದ ಭೂಮಿಯನ್ನು ಹಿಡಿಯುತ್ತದೆ. ಬೆಂಗಳೂರಿನ ಅಕ್ಷಾಂಶದಲ್ಲಿ ಇವೆರಡರ ವ್ಯತ್ಯಾಸ ಅಷ್ಟಾಗುತ್ತದೆ. ಉತ್ತರಕ್ಕೆ ಹೋದಂತೆ ಬೀದರಿನಲ್ಲಿ ಇನ್ನೂ ಜಾಸ್ತಿ.

ಇವೆಲ್ಲ ದೊಡ್ಡ ತಪ್ಪುಗಳು. ದೊಡ್ಡವು ಅಂದರೆ ಸುಲಭದವು. ಸಿಆರ್‌ಎಸ್ ಸರಿ ಮಾಡಿದ ಕೂಡಲೇ ಎಲ್ಲ ತನ್ನ ಜಾಗಕ್ಕೆ ಬರುತ್ತದೆ. ಸರಿ ಮಾಡುವ ರೀತಿಯಲ್ಲಿ ಮಾತ್ರ ಒಂದು ಗುಂಡಿ ಇದೆ.

ಚೀಟಿ ಬದಲಿಸುವುದು ಬೇರೆ, ಒಳಗಿನದ್ದು ಬದಲಿಸುವುದು ಬೇರೆ

ಕ್ಯೂಜಿಐಎಸ್‌ನಲ್ಲಿ ಸೆಟ್ ಲೇಯರ್ ಸಿಆರ್‌ಎಸ್ ಅಂತ ಒಂದಿದೆ, ರೀಪ್ರಾಜೆಕ್ಟ್ ಲೇಯರ್ ಅಂತ ಇನ್ನೊಂದಿದೆ. ಮೊದಲನೆಯದು ಡಬ್ಬಿಯ ಮೇಲಿನ ಚೀಟಿ ಬದಲಿಸಿದ ಹಾಗೆ. ಉಪ್ಪಿನ ಡಬ್ಬಿಗೆ ಸಕ್ಕರೆ ಅಂತ ಚೀಟಿ ಅಂಟಿಸಿದರೆ ಉಪ್ಪು ಸಕ್ಕರೆಯಾಗುವುದಿಲ್ಲ. ಅಂಕಿಗಳು ಹಾಗೇ ಇರುತ್ತವೆ, ಓದುವ ಲೆಕ್ಕ ಮಾತ್ರ ಬದಲಾಗುತ್ತದೆ. ಎರಡನೆಯದು ಅಂಕಿಗಳನ್ನೇ ಹೊಸ ಲೆಕ್ಕಕ್ಕೆ ತಿರುಗಿಸಿ ಹೊಸ ಫೈಲ್ ಕೊಡುತ್ತದೆ.

ಫೈಲಿನ ಸಿಆರ್‌ಎಸ್ ತಪ್ಪಾಗಿದ್ದರೆ, ಇಲ್ಲವೇ ಇಲ್ಲದಿದ್ದರೆ ಮಾತ್ರ ಸೆಟ್ ಬಳಸಿ. ಸಿಆರ್‌ಎಸ್ ಸರಿಯಾಗೇ ಇದ್ದು ನಿಮಗೆ ಬೇರೆ ಲೆಕ್ಕದಲ್ಲಿ ಬೇಕಿದ್ದರೆ ರೀಪ್ರಾಜೆಕ್ಟ್. ಸ್ಯಾಟಲೈಟ್ ಟೈಲ್ 3857ರಲ್ಲಿದೆ, ನನ್ನ ಲೇಯರ್ 32643ರಲ್ಲಿದೆ, ಎರಡೂ ಒಂದೇ ಆಗಲಿ ಅಂತ ಲೇಯರಿಗೆ 3857 ಅಂತ ಸೆಟ್ ಮಾಡುವವರು ಬಹಳ. ಹಾಗೆ ಮಾಡಿದ ಕ್ಷಣವೇ ಸರಿಯಿದ್ದದ್ದು ಕೆಡುತ್ತದೆ. ಎರಡು ಲೇಯರ್‌ಗಳ ಸಿಆರ್‌ಎಸ್ ಬೇರೆ ಬೇರೆ ಇದ್ದರೂ ಕ್ಯೂಜಿಐಎಸ್ ತಾನೇ ತಿರುಗಿಸಿ ಒಂದರ ಮೇಲೊಂದು ತೋರಿಸುತ್ತದೆ. ಒಂದೊಂದರ ಚೀಟಿ ನಿಜ ಹೇಳುತ್ತಿದ್ದರೆ ಸಾಕು.

ಸುಮಾರು 200 ಮೀಟರ್, ಆಗ್ನೇಯಕ್ಕೆ

ಈಗ ನಮ್ಮ ದೇಶದ್ದೇ ಆದ ತಕರಾರಿಗೆ ಬರೋಣ. ನೀವು ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋಶೀಟ್ (ಬೆಟ್ಟ, ಕೆರೆ, ರಸ್ತೆ ತೋರಿಸುವ ನಕ್ಷೆಯ ಹಾಳೆ) ಸ್ಕ್ಯಾನ್ ಮಾಡಿಸಿದ್ದೀರಿ. ಬೆಂಗಳೂರಿನ ದಕ್ಷಿಣ ಭಾಗ ಬರುವ 57 ಎಚ್/9 ಅಂತಲೇ ಇಟ್ಟುಕೊಳ್ಳಿ. ನಾಲ್ಕು ಮೂಲೆಗಳಲ್ಲಿ ಅಕ್ಷಾಂಶ ರೇಖಾಂಶ ಅಚ್ಚಾಗಿದೆ. ಅದನ್ನೇ ಟೈಪ್ ಮಾಡಿ, ಇಪಿಎಸ್‌ಜಿ 4326 ಅಂತ ಕೊಟ್ಟು ಕೂರಿಸಿದಿರಿ. ಎಲ್ಲವೂ ಅಚ್ಚುಕಟ್ಟು, ಆದರೆ ಕೆರೆಗಳು, ರೈಲು ಹಳಿ, ಹಳೆಯ ರಸ್ತೆ ಎಲ್ಲ ಚಿತ್ರಕ್ಕಿಂತ ಸುಮಾರು 200 ಮೀಟರ್ ಆಗ್ನೇಯಕ್ಕೆ ಸರಿದಿವೆ. ಎಲ್ಲ ಕಡೆಯೂ ಒಂದೇ ದಿಕ್ಕು, ಹೆಚ್ಚು ಕಡಿಮೆ ಒಂದೇ ದೂರ.

ನೀವು ಟೈಪ್ ಮಾಡಿದ್ದು ತಪ್ಪಲ್ಲ. ಆ ಶೀಟಿನ ಅಕ್ಷಾಂಶ ರೇಖಾಂಶ ಬೇರೆ ಭೂಮಿಯದ್ದು. 1802ರಲ್ಲಿ ಮದರಾಸಿನಿಂದ ಲ್ಯಾಂಬ್ಟನ್ ಶುರು ಮಾಡಿದ ಮಹಾ ತ್ರಿಕೋನ ಸರ್ವೆಯ ಅಳತೆಗಳ ಮೇಲೆ, ಜಾರ್ಜ್ ಎವರೆಸ್ಟ್ 1830ರಲ್ಲಿ ಭೂಮಿಗೆ ಒಂದು ಆಕಾರ ಲೆಕ್ಕ ಹಾಕಿದ. ಅದರ ಸಮಭಾಜಕ ತ್ರಿಜ್ಯ ಸುಮಾರು 6377.28 ಕಿ.ಮೀ. ಇವತ್ತು ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84ರಲ್ಲಿ (ಇಪಿಎಸ್‌ಜಿ 4326 ನಿಂತಿರುವುದು ಇದರ ಮೇಲೇ) ಅದು 6378.137 ಕಿ.ಮೀ. ವ್ಯತ್ಯಾಸ 860 ಮೀಟರ್ ಚಿಲ್ಲರೆ. ಗಾತ್ರದ ವ್ಯತ್ಯಾಸಕ್ಕಿಂತ ದೊಡ್ಡದು ಇನ್ನೊಂದಿದೆ. ಹಳೆಯ ಲೆಕ್ಕ ಮಧ್ಯಪ್ರದೇಶದ ಕಲ್ಯಾಣಪುರವನ್ನು ಮೂಲ ಬಿಂದು ಮಾಡಿಕೊಂಡು ಭಾರತದ ನೆಲಕ್ಕೆ ಚೆನ್ನಾಗಿ ಹೊಂದುವಂತೆ ಕೂರಿಸಿದ್ದು. ಅದರ ಕೇಂದ್ರ ಭೂಮಿಯ ನಿಜವಾದ ಕೇಂದ್ರದಲ್ಲಿಲ್ಲ, ನೂರಾರು ಮೀಟರ್ ಆಚೆ ಇದೆ. ಉಪಗ್ರಹ ಸುತ್ತುವುದು ಭೂಮಿಯ ನಿಜವಾದ ಕೇಂದ್ರವನ್ನು. ಎರಡೂ ಲೆಕ್ಕದ 12.97 ಡಿಗ್ರಿ ನೆಲದ ಮೇಲೆ ಒಂದೇ ಜಾಗ ಆಗುವುದಿಲ್ಲ.

ಲೆಕ್ಕ ಹಾಕಿದರೆ ಬೆಂಗಳೂರಿನ ಬಳಿ ಎವರೆಸ್ಟ್ ಲೆಕ್ಕದ ಬಿಂದುವನ್ನು ಡಬ್ಲ್ಯುಜಿಎಸ್‌ಗೆ ತರಲು ಸುಮಾರು 155 ಮೀಟರ್ ಉತ್ತರಕ್ಕೆ, 130 ಮೀಟರ್ ಪಶ್ಚಿಮಕ್ಕೆ ಸರಿಸಬೇಕು. ಸರಿಸದೆ ಬಿಟ್ಟರೆ ಲೇಯರ್ ಆಗ್ನೇಯದಲ್ಲಿ ಉಳಿಯುತ್ತದೆ. ದೇಶದ ಬೇರೆ ಕಡೆ ಈ ಅಂಕಿ ಬೇರೆ. ಬೆಂಗಳೂರಿನಲ್ಲಿ ಸರಿಹೋದ ಅಳತೆಯನ್ನು ದಿಲ್ಲಿಯ ಶೀಟಿಗೆ ಹಾಕಬೇಡಿ.

ಸರಿ ಮಾಡುವುದು ಹೀಗೆ. ಜಿಯೋರೆಫರೆನ್ಸರ್‌ನಲ್ಲಿ (ಸ್ಕ್ಯಾನ್ ಮಾಡಿದ ನಕ್ಷೆಯನ್ನು ಅದರ ಜಾಗಕ್ಕೆ ಕೂರಿಸುವ ಟೂಲ್) ಮೂಲೆಗಳ ಅಂಕಿ ಕೊಡುವಾಗ ಸಿಆರ್‌ಎಸ್ ಆಗಿ 4326ರ ಬದಲು ಕಲ್ಯಾಣಪುರ 1975, ಅಂದರೆ ಇಪಿಎಸ್‌ಜಿ 4146 ಆರಿಸಿ. ಹೊರಬಂದ ಚಿತ್ರವನ್ನು ಆಮೇಲೆ ಡಬ್ಲ್ಯುಜಿಎಸ್‌ಗೆ ರೀಪ್ರಾಜೆಕ್ಟ್ ಮಾಡಿ. ತಿರುಗಿಸುವಾಗ ಯಾವ ಪರಿವರ್ತನೆ ಬಳಸಬೇಕು ಅಂತ ಕ್ಯೂಜಿಐಎಸ್ ಕೇಳಿದರೆ 295, 736, 257 ಅನ್ನುವ ಮೂರು ಅಂಕಿ ಇರುವುದನ್ನು ಹುಡುಕಿ. ಎರಡು ಕೇಂದ್ರಗಳ ನಡುವಿನ ದೂರ ಅದು, ಮೂರು ದಿಕ್ಕಿನಲ್ಲಿ, ಮೀಟರಿನಲ್ಲಿ. ಬಾಲ್‌ಪಾರ್ಕ್ ಅನ್ನುವ ಪದ ಕಂಡರೆ ಬೇಡ ಅನ್ನಿ. ಅದರರ್ಥ ಡೇಟಮ್ಮಿನ (ಭೂಮಿಯ ಆಕಾರ, ಕೇಂದ್ರ ಹಿಡಿದ ರೀತಿಯ) ವ್ಯತ್ಯಾಸವನ್ನು ಲೆಕ್ಕಕ್ಕೇ ಹಿಡಿಯದೆ ತಿರುಗಿಸುತ್ತೇನೆ ಅಂತ. 200 ಮೀಟರ್ ಹಾಗೇ ಉಳಿಯುತ್ತದೆ.

ಇಷ್ಟು ಮಾಡಿದ ಮೇಲೂ ಹತ್ತಿಪ್ಪತ್ತು ಮೀಟರ್ ಉಳಿಯಬಹುದು. ಆ ಮೂರು ಅಂಕಿ ಇಡೀ ದೇಶಕ್ಕೆ ಸರಾಸರಿ ಹಿಡಿದವು. 1:50,000 ಸ್ಕೇಲಿನಲ್ಲಿ ಅರ್ಧ ಮಿಲಿಮೀಟರ್ ಅಂದರೆ 25 ಮೀಟರ್. ಟೋಪೋಶೀಟಿನಿಂದ ಅದಕ್ಕಿಂತ ಜಾಸ್ತಿ ನಿಖರತೆ ಕೇಳುವುದು ನ್ಯಾಯವಲ್ಲ. 2005ರ ರಾಷ್ಟ್ರೀಯ ನಕ್ಷಾ ನೀತಿಯ ನಂತರ ಸರ್ವೆ ಆಫ್ ಇಂಡಿಯಾ ಸಾರ್ವಜನಿಕರಿಗೆ ಕೊಡುವ ಓಪನ್ ಸೀರೀಸ್ ನಕ್ಷೆಗಳು ಡಬ್ಲ್ಯುಜಿಎಸ್ 84ರಲ್ಲೇ ಇವೆ. ಅವುಗಳಿಗೆ ಈ ತಾಪತ್ರಯ ಇಲ್ಲ. ಶೀಟಿನ ಅಂಚಿನ ಬರಹ ಓದದೆ ಕೆಲಸ ಶುರು ಮಾಡಬೇಡಿ.

ಚೀನಾದಲ್ಲಿ ಇದಕ್ಕಿಂತ ವಿಚಿತ್ರ ಇದೆ. ಅಲ್ಲಿನ ಸಾರ್ವಜನಿಕ ನಕ್ಷೆಗಳು ಜಿಸಿಜೆ-02 ಅನ್ನುವ ಲೆಕ್ಕವನ್ನೇ ಬಳಸಬೇಕು ಅನ್ನುವ ನಿಯಮವಿದೆ. ಅದು ಬಿಂದುಗಳನ್ನು ಬೇಕಂತಲೇ ನೂರಾರು ಮೀಟರ್ ಸರಿಸುತ್ತದೆ, ಅದೂ ಒಂದೊಂದು ಕಡೆ ಒಂದೊಂದು ಥರ. ಅಲ್ಲಿ ರಸ್ತೆ ಲೇಯರ್ ನದಿಯಲ್ಲಿ ಹರಿಯುತ್ತಿದ್ದರೆ ಸಾಫ್ಟ್‌ವೇರನ್ನು ಬೈಯಬೇಕಾಗಿಲ್ಲ.

ಗ್ರಾಮ ನಕ್ಷೆ: ಇಲ್ಲಿ ನಿಧಾನ ಬೇಕು

ಜಾಸ್ತಿ ಜಗಳ ಆಗುವುದು ಇದರಲ್ಲೇ. ಭೂದಾಖಲೆ ಇಲಾಖೆಯ ಜಾಲತಾಣದಿಂದ ಇಳಿಸಿಕೊಂಡ ಗ್ರಾಮ ನಕ್ಷೆಯ ಪಿಡಿಎಫ್‌ನಲ್ಲಿ ಅಕ್ಷಾಂಶವೂ ಇಲ್ಲ, ರೇಖಾಂಶವೂ ಇಲ್ಲ. ಅದು ಚೈನು ಹಿಡಿದು ಅಳೆದ ನಕ್ಷೆ. ಒಂದು ಚೈನು 33 ಅಡಿ, ಒಂದು ಚದರ ಚೈನು ಒಂದು ಗುಂಟೆ. ಹಳೆಯ ಗ್ರಾಮ ನಕ್ಷೆಗಳಲ್ಲಿ ಸಾಮಾನ್ಯವಾಗಿ ಕಾಣುವ ಸ್ಕೇಲು ಇಂಚಿಗೆ 20 ಚೈನು, ಅಂದರೆ 660 ಅಡಿ, ಅಂದರೆ 1:7920. ನಿಮ್ಮ ಶೀಟಿನ ಮೇಲೆ ಏನಿದೆ ಅಂತ ನೋಡಿಕೊಳ್ಳಿ.

ಈ ಸ್ಕೇಲಿನಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆ ನೆಲದ ಮೇಲೆ 4 ಮೀಟರ್. ಗೆರೆಯ ಎಡಕ್ಕೋ ಬಲಕ್ಕೋ ಅನ್ನುವ ಪ್ರಶ್ನೆಯೇ ಒಂದು ಎತ್ತಿನಗಾಡಿ ದಾರಿಯಷ್ಟು ಅಗಲ. ಕಾಗದ ಹಳೆಯದಾದಂತೆ ಕುಗ್ಗುತ್ತದೆ, ಹಿಗ್ಗುತ್ತದೆ, ಅದೂ ಉದ್ದಕ್ಕೊಂದು ಥರ, ಅಗಲಕ್ಕೊಂದು ಥರ. ನೂರಕ್ಕೆ ಒಂದು ಪಾಲು ಕುಗ್ಗಿದ್ದರೂ 2 ಕಿ.ಮೀ. ಉದ್ದದ ಊರಿನಲ್ಲಿ 20 ಮೀಟರ್ ವ್ಯತ್ಯಾಸ. ಅದರ ಮೇಲೆ ಝೆರಾಕ್ಸ್, ಅದರ ಮೇಲೆ ಸ್ಕ್ಯಾನ್. ಎಷ್ಟು ಕೈ ದಾಟಿ ನಿಮ್ಮ ಪರದೆಗೆ ಬಂದಿದೆಯೋ ಅಷ್ಟೂ ಸೇರಿಕೊಂಡಿರುತ್ತದೆ.

ಇದನ್ನು ಕೂರಿಸಲು ಜಿಯೋರೆಫರೆನ್ಸರ್ ತೆರೆಯಿರಿ. ಹೊಸ ಆವೃತ್ತಿಗಳಲ್ಲಿ ಲೇಯರ್ ಮೆನುವಿನಲ್ಲಿದೆ, ಹಳೆಯದರಲ್ಲಿ ರಾಸ್ಟರ್ ಮೆನುವಿನಲ್ಲಿತ್ತು. ಇಲ್ಲಿ ಎಲ್ಲ ನಿಂತಿರುವುದು ನೀವು ಆರಿಸುವ ಬಿಂದುಗಳ ಮೇಲೆ. ನಕ್ಷೆ ಬರೆದ ಕಾಲದಲ್ಲೂ ಇದ್ದು, ಇವತ್ತೂ ಅಲ್ಲೇ ಇರುವಂಥವು ಬೇಕು. ಮೂರು ಊರಿನ ಗಡಿ ಸೇರುವ ಜಾಗದ ಕಲ್ಲು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಕೆರೆ ಏರಿ ತಿರುಗುವ ಮೂಲೆ, ಹಳೆಯ ತೂಬು, ಹಳೆಯ ಗಾಡಿದಾರಿಗಳು ಕೂಡುವ ಜಾಗ, ಎರಡು ಗಟ್ಟಿ ಬದುಗಳು ಸೇರುವ ಮೂಲೆ ಆಗುತ್ತದೆ. ಕೆರೆಯ ನೀರಿನ ಅಂಚು ಬೇಡ, ಅದು ಮಳೆಗಾಲಕ್ಕೊಂದು, ಬೇಸಿಗೆಗೊಂದು. ಹಳ್ಳದ ತಿರುವೂ ಬೇಡ. ಅಗಲ ಮಾಡಿದ ಹೆದ್ದಾರಿಯಂತೂ ಬೇಡವೇ ಬೇಡ. ಮನೆಯ ತಾರಸಿ ಮೂಲೆ ಯಾಕೆ ಬೇಡ ಅಂತ ಮುಂದೆ ಹೇಳುತ್ತೇನೆ.

ಹತ್ತು ಹನ್ನೆರಡು ಬಿಂದು ಹುಡುಕಿ, ಊರಿನ ಎಲ್ಲ ಕಡೆ ಹರಡಿರಲಿ. ಅದರಲ್ಲಿ ಮೂರನ್ನು ಪಕ್ಕಕ್ಕೆ ಎತ್ತಿಡಿ, ಕೂರಿಸಲು ಬಳಸಬೇಡಿ. ಉಳಿದವನ್ನು ಕೊಟ್ಟು, ಟ್ರಾನ್ಸ್‌ಫರ್ಮೇಶನ್ ಪಟ್ಟಿಯಲ್ಲಿ ಪಾಲಿನೋಮಿಯಲ್ 1 ಆರಿಸಿ. ಸಿಆರ್‌ಎಸ್ ಯುಟಿಎಂ ಕೊಡಿ. ಟೇಬಲ್ಲಿನಲ್ಲಿ ಪ್ರತಿ ಬಿಂದುವಿನ ಮುಂದೆ ರೆಸಿಡ್ಯುಯಲ್ ಅಂತ ಬರುತ್ತದೆ, ಅಂದರೆ ಆ ಬಿಂದು ಕೂರಬೇಕಾದ ಜಾಗದಿಂದ ಎಷ್ಟು ತಪ್ಪಿದೆ ಅನ್ನುವ ಅಂಕಿ. ಅದು ಪಿಕ್ಸೆಲ್ ಲೆಕ್ಕದಲ್ಲಿ ಇದ್ದರೆ ಮೀಟರಿಗೆ ತಿರುಗಿಸಿಕೊಳ್ಳಿ. ಇಂಚಿಗೆ 300 ಚುಕ್ಕೆಯಲ್ಲಿ ಸ್ಕ್ಯಾನ್ ಮಾಡಿದ 1:7920 ನಕ್ಷೆಯಲ್ಲಿ ಒಂದು ಪಿಕ್ಸೆಲ್ ಅಂದರೆ ಸುಮಾರು 67 ಸೆಂಟಿಮೀಟರ್. ಹತ್ತು ಪಿಕ್ಸೆಲ್ ತಪ್ಪು ಅಂದರೆ ಹತ್ತಿರ ಹತ್ತಿರ 7 ಮೀಟರ್. ಎಲ್ಲ ಬಿಂದುಗಳೂ ಐದಾರು ಪಿಕ್ಸೆಲ್ ಒಳಗಿದ್ದು ಒಂದೇ ಒಂದು 40 ತೋರಿಸಿದರೆ ಆ ಬಿಂದುವನ್ನು ಮತ್ತೆ ನೋಡಿ. ಪಕ್ಕದ ಬದುವನ್ನು ಕ್ಲಿಕ್ ಮಾಡಿರುವ ಸಾಧ್ಯತೆಯೇ ಜಾಸ್ತಿ.

ಕೆಲವರು ಇಲ್ಲಿ ಥಿನ್ ಪ್ಲೇಟ್ ಸ್ಪ್ಲೈನ್ ಆರಿಸುತ್ತಾರೆ, ಯಾಕೆಂದರೆ ಅದು ಎಲ್ಲ ರೆಸಿಡ್ಯುಯಲ್ಲನ್ನೂ ಸೊನ್ನೆಗೆ ತರುತ್ತದೆ. ಆ ಸೊನ್ನೆ ಬರೀ ತೋರಿಕೆ. ನೀವು ಕೊಟ್ಟ ಬಿಂದುಗಳನ್ನು, ತಪ್ಪು ಬಿಂದುವನ್ನೂ ಸೇರಿಸಿ, ಹೇಳಿದ ಜಾಗಕ್ಕೇ ಎಳೆದು ಕೂರಿಸಿ, ನಡುವಿನ ನಕ್ಷೆಯನ್ನು ರಬ್ಬರಿನಂತೆ ಜಗ್ಗಿರುತ್ತದೆ. ನೇರ ಬದು ಬಾಗಿರುತ್ತದೆ, ಮೂರು ಎಕರೆಯದ್ದು ಎರಡೂಮುಕ್ಕಾಲು ಆಗಿರುತ್ತದೆ. ನಿಜವಾದ ಪರೀಕ್ಷೆ ಪಕ್ಕಕ್ಕೆ ಎತ್ತಿಟ್ಟ ಆ ಮೂರು ಬಿಂದು. ಅವು ಎಷ್ಟು ದೂರದಲ್ಲಿ ಬೀಳುತ್ತವೋ ಅದೇ ನಿಮ್ಮ ನಕ್ಷೆಯ ನಿಖರತೆ. ಇನ್ನೊಂದು ಪರೀಕ್ಷೆಯೂ ಇದೆ: ನಾಲ್ಕೈದು ಸರ್ವೆ ನಂಬರಿನ ವಿಸ್ತೀರ್ಣ ಅಳೆದು ಆಕಾರ್‌ಬಂದಿನ (ಸರ್ವೆ ನಂಬರುಗಳ ವಿಸ್ತೀರ್ಣ ಬರೆದಿರುವ ಸರ್ಕಾರಿ ದಾಖಲೆ) ಎಕರೆ-ಗುಂಟೆ ಜೊತೆ ಹೋಲಿಸಿ. ಎಲ್ಲವೂ ಒಂದೇ ಪ್ರಮಾಣದಲ್ಲಿ ಕಡಿಮೆ ಬಂದರೆ ಸ್ಕೇಲ್ ತಪ್ಪಿದೆ.

ಊರಿನ ನಕ್ಷೆ ಎರಡು ಹಾಳೆಯಲ್ಲಿದ್ದರೆ ಅಂಟಿಸಿ ಒಂದು ಮಾಡಬೇಡಿ, ಒಂದೊಂದನ್ನೂ ಬೇರೆಯಾಗಿ ಕೂರಿಸಿ. ಪಕ್ಕದ ಊರಿನ ನಕ್ಷೆ ತಂದು ಸೇರಿಸಿದಾಗ ಗಡಿಯಲ್ಲಿ ಸಂದು ಬಿಡುವುದೋ, ಒಂದರ ಮೇಲೊಂದು ಏರುವುದೋ ಆಗುತ್ತದೆ. ಗಾಬರಿ ಬೇಡ, ಒಂದೊಂದು ಊರನ್ನೂ ಬೇರೆ ಬೇರೆಯಾಗಿ ಅಳೆದು ಬರೆದದ್ದು.

ಚಿತ್ರವೇ ಸರಿದಿದ್ದರೆ?

ನಕ್ಷೆ ಕೂರದಿದ್ದಾಗ ನಾವು ನಕ್ಷೆಯನ್ನೇ ಬೈಯುತ್ತೇವೆ. ಫೋಟೋ ಸುಳ್ಳು ಹೇಳುತ್ತದಾ ಅನ್ನುವ ಭಾವನೆ. ಹೇಳುತ್ತದೆ. ಗೂಗಲ್ ಅರ್ಥ್ ಪ್ರೋನಲ್ಲಿ ಹಳೆಯ ಚಿತ್ರಗಳ ಸ್ಲೈಡರ್ ತೆಗೆದು, ನಿಮ್ಮೂರಿನ ಒಂದು ರಸ್ತೆ ಕೂಡುವ ಜಾಗಕ್ಕೆ ಗುರುತು ಪಿನ್ ಹಾಕಿ, ವರ್ಷ ಬದಲಿಸುತ್ತಾ ಹೋಗಿ. ಪಿನ್ ಅಲ್ಲೇ ಇರುತ್ತದೆ, ರಸ್ತೆ ಅದರ ಕೆಳಗೆ ಆಚೆ ಈಚೆ ಜಾರುವುದು ಬಹಳ ಕಡೆ ಕಾಣುತ್ತದೆ. ರಸ್ತೆ ಜಾರಿಲ್ಲ, ಚಿತ್ರ ಜಾರಿದೆ.

ಕಾರಣ ಸರಳ. ಉಪಗ್ರಹ ಯಾವಾಗಲೂ ನೆತ್ತಿಯ ಮೇಲಿಂದಲೇ ನೋಡುವುದಿಲ್ಲ, ಓರೆಯಾಗಿ ನೋಡುತ್ತದೆ. 20 ಡಿಗ್ರಿ ಓರೆಯಿಂದ ತೆಗೆದ ಚಿತ್ರದಲ್ಲಿ 30 ಮೀಟರ್ ಎತ್ತರದ ಅಪಾರ್ಟ್‌ಮೆಂಟಿನ ತಾರಸಿ, ಅದರ ಬುಡಕ್ಕಿಂತ ಸುಮಾರು 11 ಮೀಟರ್ ಆಚೆ ಕಾಣುತ್ತದೆ. ಗೋಡೆಯ ಒಂದು ಮಗ್ಗುಲು ಪೂರ್ತಿ ಕಾಣುತ್ತಿದ್ದರೆ ಚಿತ್ರ ಓರೆಯದ್ದು ಅಂತ ತಿಳಿಯಿರಿ. ತಾರಸಿ ಮೂಲೆ ಬೇಡ ಅಂದದ್ದು ಇದಕ್ಕೇ. ನೆಲಮಟ್ಟದ್ದನ್ನೇ ಹಿಡಿಯಿರಿ.

ಕಟ್ಟಡಕ್ಕಾಗುವುದೇ ಬೆಟ್ಟಕ್ಕೂ ಆಗುತ್ತದೆ. ನೆಲದ ಎತ್ತರದ ಮಾಹಿತಿ ಬಳಸಿ ಆ ಓರೆಯನ್ನು ತೆಗೆಯುತ್ತಾರೆ, ಆದರೆ ಆ ಎತ್ತರದ ಮಾಹಿತಿಯಲ್ಲೇ 20 ಮೀಟರ್ ತಪ್ಪಿದ್ದರೆ ಅದೂ ಚಿತ್ರಕ್ಕೆ ಬರುತ್ತದೆ. ಬಯಲುಸೀಮೆಯಲ್ಲಿ ನೆಟ್ಟಗೆ ಕೂತ ಲೇಯರ್, ಚಿಕ್ಕಮಗಳೂರಿನ ಗಿರಿಗಳಲ್ಲಿ ಒಂದು ಇಳಿಜಾರಿನಲ್ಲಿ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ ಹೋಗಿದ್ದರೆ ಇದನ್ನೇ ಅನುಮಾನಿಸಿ. ಝೂಮ್ ಮಾಡಿದಾಗ ಚಿತ್ರ ಬಣ್ಣ ಬದಲಿಸಿದರೆ ಅದು ಬೇರೆ ದಿನದ, ಬೇರೆ ಉಪಗ್ರಹದ ಚಿತ್ರ, ಅದರ ತಪ್ಪೂ ಬೇರೆ. ಸೆಂಟಿನೆಲ್-2 ಅನ್ನುವ ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕೆಯೇ 10 ಮೀಟರ್. ಅದನ್ನು ಇಟ್ಟುಕೊಂಡು ಬದು ಐದು ಮೀಟರ್ ಒತ್ತುವರಿಯಾಗಿದೆ ಅಂತ ವಾದಕ್ಕೆ ನಿಲ್ಲಬೇಡಿ.

ಯಾವುದು ಸರಿ ಅಂತ ನೆಲವನ್ನೇ ಕೇಳಿ

ನಕ್ಷೆಗೂ ಚಿತ್ರಕ್ಕೂ ಹೊಂದದಿದ್ದಾಗ ಮೂರನೆಯ ಸಾಕ್ಷಿ ಬೇಕು. ಮೊಬೈಲ್ ಹಿಡಿದು ಹೋಗಬಹುದು, ಆದರೆ ಬಯಲಿನಲ್ಲಿ ಅದರ ತಪ್ಪು ಸುಮಾರು 5 ಮೀಟರ್, ಅಡಿಕೆ ತೋಟದ ಒಳಗೆ ಅದಕ್ಕಿಂತ ಎಷ್ಟೋ ಜಾಸ್ತಿ. 200 ಮೀಟರಿನ ಪ್ರಶ್ನೆಗೆ ಇದು ಧಾರಾಳ ಸಾಕು, 4 ಮೀಟರಿನ ಪ್ರಶ್ನೆಗೆ ಸಾಲದು. ಒಂದೇ ಜಾಗದಲ್ಲಿ ಕೆಲವು ನಿಮಿಷ ನಿಂತು, ಹಲವು ಸಲ ಓದಿ, ಸರಾಸರಿ ತೆಗೆಯಿರಿ. ಇನ್ನೂ ನಿಖರ ಬೇಕಿದ್ದರೆ ಡಿಜಿಪಿಎಸ್ (ಮೊಬೈಲಿಗಿಂತ ನಿಖರವಾದ ಜಿಪಿಎಸ್ ಉಪಕರಣ) ಇರುವ ಖಾಸಗಿ ಸರ್ವೆಯರ್ ಹತ್ತಿರ ಹೋಗಬೇಕು. ಸರ್ವೆ ಆಫ್ ಇಂಡಿಯಾದ ಕಾರ್ಸ್ ಕೇಂದ್ರಗಳ (ಒಂದೇ ಕಡೆ ನಿಂತು ಸದಾ ಅಳೆಯುವ ಜಿಪಿಎಸ್ ಕೇಂದ್ರಗಳು) ಸಹಾಯದಿಂದ ಈಗ ಸೆಂಟಿಮೀಟರ್ ಮಟ್ಟದ ಅಳತೆ ಸಿಗುತ್ತದೆ. ಆ ಮಟ್ಟಕ್ಕೆ ಇಳಿದರೆ ಭೂಮಿ ಸರಿಯುವುದೂ ಲೆಕ್ಕಕ್ಕೆ ಬರುತ್ತದೆ. ಭಾರತದ ಭೂಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯಕ್ಕೆ ಹೋಗುತ್ತಿದೆ, 20 ವರ್ಷಕ್ಕೆ ಒಂದು ಮೀಟರ್.

ನೆಲದಲ್ಲಿ ಅಳೆದದ್ದು ಚಿತ್ರಕ್ಕೆ ಹೊಂದದೆ ಲೇಯರಿಗೆ ಹೊಂದಿದರೆ ಲೇಯರನ್ನು ಮುಟ್ಟಬೇಡಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ (ಜನರೇ ಸೇರಿ ಬರೆಯುವ ಉಚಿತ ನಕ್ಷೆ) ಕೆಲಸ ಮಾಡುವವರಿಗೆ ಇದು ಇನ್ನೂ ಮುಖ್ಯ. ಹಿನ್ನೆಲೆ ಚಿತ್ರ ಸರಿದಿದೆ ಅಂತ ಇಡೀ ಊರಿನ ರಸ್ತೆಗಳನ್ನು ಎಳೆಯಬಾರದು. ಬೇರೆಯವರ ಜಿಪಿಎಸ್ ಜಾಡುಗಳನ್ನು ತೆರೆದು, ಅವಕ್ಕೆ ಹೊಂದುವಂತೆ ಹಿನ್ನೆಲೆ ಚಿತ್ರವನ್ನೇ ಸರಿಸುವ ಸೌಲಭ್ಯ ಎಡಿಟರ್‌ಗಳಲ್ಲಿದೆ.

ಲೇಯರೇ ತಪ್ಪು ಅಂತ ಖಚಿತವಾಗಿ, ಎಲ್ಲ ಕಡೆಯೂ ಒಂದೇ ದೂರ ಒಂದೇ ದಿಕ್ಕಿಗೆ ಸರಿದಿದ್ದರೆ ಈಗ ಸರಿಸಬಹುದು. ಕೈಯಲ್ಲಿ ಎಳೆಯಬೇಡಿ. ಪ್ರೊಸೆಸಿಂಗ್ ಟೂಲ್‌ಬಾಕ್ಸಿನಲ್ಲಿ ಟ್ರಾನ್ಸ್‌ಲೇಟ್ ಅಂತ ಇದೆ, ಪೂರ್ವಕ್ಕೆ ಇಷ್ಟು ಮೀಟರ್, ಉತ್ತರಕ್ಕೆ ಇಷ್ಟು ಅಂತ ಅಂಕಿ ಕೊಡಿ. ಲೇಯರ್ ಯುಟಿಎಂನಲ್ಲಿರಬೇಕು. ಡಿಗ್ರಿಯಲ್ಲಿರುವ ಲೇಯರಿಗೆ 5 ಅಂತ ಕೊಟ್ಟರೆ ಐದು ಮೀಟರ್ ಅಲ್ಲ, ಐದು ಡಿಗ್ರಿ ಹೋಗುತ್ತದೆ. ಮೂಲ ಫೈಲನ್ನು ಹಾಗೇ ಇಟ್ಟು ಹೊಸ ಹೆಸರಿನಲ್ಲಿ ಉಳಿಸಿ.

ಹೊಂದದಿರುವುದೇ ನಿಜ ಆಗಿದ್ದರೆ

ಎಲ್ಲ ಸರಿ ಮಾಡಿದ ಮೇಲೂ ಊರಿಗೆಲ್ಲ ಹೊಂದಿದ ನಕ್ಷೆ ಒಂದೇ ಒಂದು ಹೊಲದಲ್ಲಿ ಹೊಂದದೆ ಉಳಿಯಬಹುದು. ಸರ್ವೆ ಗೆರೆ ತೋರಿಸುವುದು ದಾಖಲೆಯ ಗಡಿ. ಚಿತ್ರ ತೋರಿಸುವುದು ಇವತ್ತು ಯಾರು ಎಲ್ಲಿಯವರೆಗೆ ಉಳುತ್ತಿದ್ದಾರೆ ಅನ್ನುವುದನ್ನು. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡು ಪೋಡಿ (ದಾಖಲೆಯಲ್ಲಿ ಸರ್ವೆ ನಂಬರಿನ ವಿಭಾಗ) ಮಾಡಿಸದೆ ಬಿಟ್ಟಿರಬಹುದು, ಖರಾಬು (ಸಾಗುವಳಿಗೆ ಬಾರದ ಜಾಗ) ಹೊಲಕ್ಕೆ ಸೇರಿರಬಹುದು, ಗಾಡಿದಾರಿ ಬದುವಿನೊಳಗೆ ಕರಗಿರಬಹುದು. ಇದು ಸಾಫ್ಟ್‌ವೇರಿನ ತಪ್ಪಲ್ಲ, ಸರಿಪಡಿಸಲೂಬಾರದು.

ನಿಂತ ಜಾಗದ ಸರ್ವೆ ನಂಬರ್ ತೋರಿಸುವ ಸರ್ಕಾರದ ದಿಶಾಂಕ್ ಆ್ಯಪ್ ತೆರೆದು, ನಿಮ್ಮ ಬೇಲಿ ನನ್ನ ನಂಬರಿನೊಳಗಿದೆ ಅಂತ ಪಕ್ಕದವರ ಮನೆ ಬಾಗಿಲಿಗೆ ಹೋಗುವ ಮುಂಚೆ ಮೇಲಿನ ಲೆಕ್ಕವೆಲ್ಲ ನೆನಪಿರಲಿ. ಅದರ ಅಡಿಯಲ್ಲಿರುವುದೂ ಹೀಗೇ ಕೂರಿಸಿದ ಗ್ರಾಮ ನಕ್ಷೆ, ಮೇಲೆ ನಿಂತಿರುವುದು ನಿಮ್ಮ ಮೊಬೈಲಿನ ಜಿಪಿಎಸ್. ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೇನೆ ಅಂತ ತಿಳಿಯಲು ಬಹಳ ಒಳ್ಳೆಯದು, ಬೇಲಿ ಎಲ್ಲಿ ಹಾಕಬೇಕು ಅಂತ ತೀರ್ಮಾನಿಸಲು ಅಲ್ಲ. ಅದಕ್ಕೆ ಹದ್ದುಬಸ್ತಿಗೆ (ಗಡಿ ಅಳೆದು ಗುರುತಿಸಿಕೊಡುವುದಕ್ಕೆ) ಅರ್ಜಿ ಹಾಕಬೇಕು. ಸರ್ಕಾರಿ ಸರ್ವೆಯರ್ ಟಿಪ್ಪಣಿ ಪುಸ್ತಕದ ಅಳತೆ ಹಿಡಿದು, ಬಾಂದು ಕಲ್ಲು (ಗಡಿ ಕಲ್ಲು) ಹುಡುಕಿ, ಅಲ್ಲಿಂದ ಅಳೆದು ಕೊಡುತ್ತಾರೆ. ಅರ್ಜಿ ಹಾಕುವಾಗ ನೀವು ಕೂರಿಸಿದ ನಕ್ಷೆಯ ಒಂದು ಪ್ರಿಂಟ್ ಇಟ್ಟುಕೊಂಡಿರಿ. ಯಾವ ಬಾಂದು ಕಲ್ಲು ಎಲ್ಲಿ ಹುಡುಕಬೇಕು ಅನ್ನುವುದಕ್ಕಾದರೂ ಉಪಯೋಗಕ್ಕೆ ಬರುತ್ತದೆ. ಆ ಪ್ರಿಂಟಿನ ಮೂಲೆಯಲ್ಲಿ ಸಿಆರ್‌ಎಸ್, ಹಿನ್ನೆಲೆ ಚಿತ್ರದ ದಿನಾಂಕ, ಎಷ್ಟು ಬಿಂದು ಬಳಸಿದಿರಿ, ಪರೀಕ್ಷೆಯ ಬಿಂದುಗಳು ಎಷ್ಟು ಮೀಟರ್ ತಪ್ಪಿದವು ಅನ್ನುವುದನ್ನು ಬರೆದಿಡಿ.